ಎಷ್ಟು ರೂಮು ಅನ್ನುವ ಮೊದಲು ಯಾರು ಎಲ್ಲಿಂದ ಎಲ್ಲಿಗೆ: ಒಂದೇ ಅಂತಸ್ತಿನ ಮನೆಯ ಪ್ಲಾನ್

ಮನೆ ಕಟ್ಟಲು ಹೊರಟವರು ಇಂಜಿನಿಯರ್ ಮುಂದೆ ಕೂತು ಮೊದಲು ಕೇಳುವುದು, "ನಮ್ಮ ಸೈಟಲ್ಲಿ ಎಷ್ಟು ರೂಮು ಬರುತ್ತೆ ಸರ್?" ಅವರು ಹಾಳೆಯ ಮೇಲೆ ಚೌಕ ಎಳೆಯುತ್ತಾರೆ. ಎರಡು ಬೆಡ್‌ರೂಮು, ಹಾಲ್, ಅಡುಗೆಮನೆ, ದೇವರಮನೆ ಎಲ್ಲವೂ ಅದರೊಳಗೆ ಕೂತುಬಿಡುತ್ತವೆ. ನೋಡಲು ಚೆನ್ನಾಗಿಯೇ ಇರುತ್ತದೆ. ಗೃಹಪ್ರವೇಶ ಮುಗಿದು ಸಾಮಾನು ಜೋಡಿಸುವಾಗ ತೊಂದರೆ ಕಾಣಿಸಿಕೊಳ್ಳುತ್ತದೆ. ಹಾಲ್‌ನಲ್ಲಿ ಸೋಫಾ ಹಾಕಲು ಬಾಗಿಲಿಲ್ಲದ ಗೋಡೆಯೇ ಇರುವುದಿಲ್ಲ. ನೆಂಟರು ಕೂತ ಕಡೆಗೆ ಎದುರಾಗಿ ಬಚ್ಚಲಿನ ಬಾಗಿಲು. ಊಟದ ಜಾಗದಲ್ಲಿ ಮಧ್ಯಾಹ್ನವೂ ಲೈಟ್ ಹಾಕಬೇಕು.

ಇದಕ್ಕೆಲ್ಲ ಕಾರಣ ಜಾಗ ಕಡಿಮೆ ಅಂತ ನಾವು ಅಂದುಕೊಳ್ಳುತ್ತೇವೆ. ನಾನು ನೋಡಿದ ಬಹಳಷ್ಟು ಪ್ಲಾನ್‌ಗಳಲ್ಲಿ ಜಾಗ ಸಾಕಷ್ಟಿತ್ತು. ಬಾಗಿಲುಗಳು ಮಾತ್ರ ತಪ್ಪು ಕಡೆ ಇದ್ದವು. ಮನೆಮಂದಿ ದಿನವಿಡೀ ಯಾವ ದಾರಿಯಲ್ಲಿ ಓಡಾಡುತ್ತಾರೆ ಅನ್ನುವುದನ್ನು ಮೊದಲು ಗುರುತು ಮಾಡಿ, ಆಮೇಲೆ ರೂಮುಗಳನ್ನು ಕೂರಿಸಬೇಕು. ಒಂದೇ ಅಂತಸ್ತಿನ ಮನೆಯಲ್ಲಂತೂ ಇದು ಬಹಳ ಮುಖ್ಯ. ಮಹಡಿ ಇದ್ದರೆ ನೆಂಟರು ಕೆಳಗೆ, ಮಲಗುವುದು ಮೇಲೆ ಅಂತ ತಾನಾಗಿಯೇ ಬೇರೆಯಾಗುತ್ತದೆ. ಇಲ್ಲಿ ಅಡುಗೆ, ನಿದ್ದೆ, ಓದು, ಪೂಜೆ, ನೆಂಟರು ಎಲ್ಲವೂ ಒಂದೇ ನೆಲದ ಮೇಲೆ, ಒಂದೇ ಗೋಡೆಯ ಆಚೆ ಈಚೆ.

ನಮ್ಮ ಊರುಗಳಲ್ಲಿ ತುಂಬಾ ಕಾಣುವ 30–40 ಸೈಟನ್ನೇ ತೆಗೆದುಕೊಳ್ಳೋಣ. ರಸ್ತೆ ಪೂರ್ವಕ್ಕಿದೆ. ಮನೆಯಲ್ಲಿ ಅಜ್ಜಿ, ಗಂಡ ಹೆಂಡತಿ, ಇಬ್ಬರು ಮಕ್ಕಳು.

1200 ಅಡಿ ಎಲ್ಲಿ ಹೋಗುತ್ತದೆ

ಸೈಟ್ 1200 ಚದರ ಅಡಿ ಅಂದ ತಕ್ಷಣ ಅಷ್ಟೂ ಮನೆಗೆ ಸಿಕ್ಕಿತು ಅನ್ನಿಸುತ್ತದೆ. ಸುತ್ತ ಬಿಡಬೇಕಾದ ಜಾಗದ ನಿಯಮ ಊರಿಂದ ಊರಿಗೆ ಬೇರೆ. ನಿಮ್ಮ ನಗರಸಭೆ ಅಥವಾ ಪಂಚಾಯಿತಿಯಲ್ಲಿ ಅದನ್ನು ಮೊದಲೇ ಕೇಳಿಕೊಳ್ಳಿ. ಲೆಕ್ಕಕ್ಕಾಗಿ ಎರಡೂ ಪಕ್ಕ 3 ಅಡಿ, ಮುಂದೆ 5, ಹಿಂದೆ 4 ಅಡಿ ಬಿಟ್ಟೆವು ಅಂತಿಟ್ಟುಕೊಳ್ಳಿ. ಉಳಿಯುವುದು 24 ಅಡಿ ಅಗಲ, 31 ಅಡಿ ಉದ್ದ. ಅಂದರೆ 744 ಚದರ ಅಡಿ.

ಇದರಲ್ಲಿ ಗೋಡೆಗೂ ಪಾಲು ಹೋಗುತ್ತದೆ. ಹೊರಗೋಡೆ ಪ್ಲಾಸ್ಟರ್ ಸೇರಿ 9 ಇಂಚು, ಒಳಗೋಡೆ 5 ಇಂಚು ಅಂತ ಹಿಡಿದರೆ 110 ಚದರ ಅಡಿ ಗೋಡೆಗೇ ಬೇಕು. ಉಳಿದದ್ದು ಸುಮಾರು 630. ಪ್ಲಾನ್‌ನಲ್ಲಿ ಬರೆದಿರುವ ಅಳತೆ ಗೋಡೆಯ ಒಳಗಿನದೋ, ಗೋಡೆ ಸೇರಿಸಿದ್ದೋ ಅಂತ ಕೇಳಿ. 10–10ರ ರೂಮು ಅಂದುಕೊಂಡದ್ದು ಕೊನೆಗೆ 9 ಅಡಿ 4 ಇಂಚು ಬಂದರೆ ಕಾಟ್ ಹಾಕುವಾಗ ಗೊತ್ತಾಗುತ್ತದೆ.

ಇನ್ನು ಕಾರು. ಅದಕ್ಕೆ 9 ಅಡಿ ಅಗಲ, 16 ಅಡಿ ಉದ್ದ ಬೇಕು. ಮುಂದಿನ 5 ಅಡಿ ಖಾಲಿ ಜಾಗದಲ್ಲಿ ಸ್ವಲ್ಪ ಬಂದರೂ ಉಳಿದ 11 ಅಡಿಯನ್ನು ಮನೆಯಿಂದಲೇ ಕೊಡಬೇಕು. ಅಂದರೆ 99 ಚದರ ಅಡಿ, ಹೆಚ್ಚುಕಡಿಮೆ ಒಂದು ರೂಮು. ಈಗ ಒಳಗೆ ಉಳಿದದ್ದು 530. ಅದರಲ್ಲಿ 10–11ರ ಎರಡು ಬೆಡ್‌ರೂಮಿಗೆ 220, 8–9ರ ಅಡುಗೆಮನೆಗೆ 72, ನಾಲ್ಕೂವರೆ–7ರ ಎರಡು ಬಾತ್‌ರೂಮಿಗೆ 63 ಹೋಯಿತು. ಹಾಲ್, ಊಟದ ಜಾಗ, ದೇವರಮನೆ, ಓಡಾಡುವ ದಾರಿ ಎಲ್ಲಕ್ಕೂ ಸೇರಿ 175 ಚದರ ಅಡಿ. ಮೆಟ್ಟಿಲಿನ ಮಾತು ಇನ್ನೂ ಬಂದೇ ಇಲ್ಲ.

ಆದ್ದರಿಂದ ಮನೆಯವರೆಲ್ಲ ಕೂತು ಮೊದಲು ಮಾತಾಡಬೇಕಾದದ್ದು ಇದನ್ನೇ: ಕಾರಿಗೆ ಜಾಗವೋ, ಅಜ್ಜಿಗೊಂದು ರೂಮೋ? 30–40ರಲ್ಲಿ ಒಂದೇ ಅಂತಸ್ತು, ಮೂರು ಬೆಡ್‌ರೂಮು, ಒಳಗೇ ಕಾರು, ಮೂರೂ ಬೇಕು ಅಂದರೆ ಯಾರು ಪ್ಲಾನ್ ಮಾಡಿದರೂ ರೂಮುಗಳು ಇಕ್ಕಟ್ಟಾಗುತ್ತವೆ. ಯಾವುದನ್ನು ಬಿಡುವುದು ಅಂತ ನೀವೇ ತೀರ್ಮಾನಿಸಿ. ನೀವು ಮಾಡದಿದ್ದರೆ ಹಾಳೆಯ ಮೇಲೆ ಇನ್ಯಾರೋ ಮಾಡುತ್ತಾರೆ. ಸಾಮಾನ್ಯವಾಗಿ ಆಗ ಅಡುಗೆಮನೆ ಕುಗ್ಗುತ್ತದೆ.

ಬೆಳಗ್ಗೆ ಐದರಿಂದ ಒಂಬತ್ತು

ಒಂದು ಹಾಳೆಯಲ್ಲಿ ನಿಮ್ಮ ಮನೆಯ ಬೆಳಗಿನ ಹೊತ್ತನ್ನು ಬರೆಯಿರಿ. ಅಜ್ಜಿ ಐದಕ್ಕೇ ಎದ್ದು ಬಚ್ಚಲಿಗೆ ಹೋಗುತ್ತಾರೆ, ಸ್ನಾನ ಮುಗಿಸಿ ದೇವರಮನೆಗೆ. ಅಮ್ಮ ಅಡುಗೆಮನೆ, ಹಿತ್ತಲು, ಮತ್ತೆ ಅಡುಗೆಮನೆ. ಮಕ್ಕಳು ಬಾತ್‌ರೂಮಿನಿಂದ ಟವೆಲ್ ಸುತ್ತಿಕೊಂಡು ರೂಮಿಗೆ. ಅಪ್ಪ ಸಂಪಿನ ಮೋಟರ್ ಹಾಕಿ ಪೇಪರ್ ತರಲು ಗೇಟಿನ ತನಕ. ಏಳೂವರೆಗೆ ಮೂರು ಜನಕ್ಕೆ ಒಟ್ಟಿಗೇ ಬಾತ್‌ರೂಮು ಬೇಕು. ಎಂಟಕ್ಕೆ ಬಾಗಿಲಲ್ಲಿ ಯಾರೋ ಬಂದು ನಿಲ್ಲುತ್ತಾರೆ.

ಈ ಓಡಾಟಗಳನ್ನು ಪ್ಲಾನ್ ಮೇಲೆ ಬೇರೆ ಬೇರೆ ಬಣ್ಣದ ಪೆನ್ಸಿಲ್‌ನಲ್ಲಿ ಎಳೆಯಿರಿ. ಎಲ್ಲಾ ಗೆರೆಗಳೂ ಹಾಲ್‌ನ ನಡುವೆಯೇ ಹಾದುಹೋದರೆ ಆ ಹಾಲ್ ಕೂರುವ ಜಾಗ ಆಗುವುದಿಲ್ಲ. ಅದು ಬರೀ ಓಣಿ. ಹಾಲ್‌ಗೆ ಎಷ್ಟು ಬಾಗಿಲು ತೆರೆದುಕೊಳ್ಳುತ್ತವೆ ಅಂತ ಎಣಿಸಿದರೂ ಸಾಕು. ಮುಂಬಾಗಿಲು, ಎರಡು ಬೆಡ್‌ರೂಮು, ಕಾಮನ್ ಬಾತ್‌ರೂಮು, ಅಡುಗೆಮನೆ, ದೇವರಮನೆ. ಆರು ಬಾಗಿಲು! ನಾಲ್ಕು ಗೋಡೆಗೆ ಆರು ಬಾಗಿಲು, ಮೇಲೆ ಕಿಟಕಿ ಬೇರೆ. ಟಿವಿ ಎಲ್ಲಿ, ಸೋಫಾ ಎಲ್ಲಿ?

ಇದಕ್ಕೆ ನನಗೆ ತುಂಬಾ ಇಷ್ಟವಾದ ಪರಿಹಾರ ಒಂದು ಪುಟ್ಟ ಒಳನಡೆ. 4 ಅಡಿಗೆ 4 ಅಡಿ ಸಾಕು. ಹಾಲ್‌ನ ಮೂಲೆಯಿಂದ ಅದಕ್ಕೆ ಬಾಗಿಲಿಲ್ಲದ ಒಂದು ತೆರವು. ಎರಡು ಬೆಡ್‌ರೂಮು ಮತ್ತು ಕಾಮನ್ ಬಾತ್‌ರೂಮಿನ ಬಾಗಿಲುಗಳು ಅದರೊಳಗೆ ಬರುತ್ತವೆ. ಹಾಲ್‌ನಲ್ಲಿ ಮೂರು ಬಾಗಿಲು ಕಡಿಮೆಯಾಗಿ ಎರಡು ಗೋಡೆ ಪೂರ್ತಿ ಸಿಗುತ್ತವೆ. ಸ್ನಾನ ಮಾಡಿದವರು ನೆಂಟರ ಮುಂದೆ ಹಾದುಹೋಗಬೇಕಾಗಿಲ್ಲ. ರಾತ್ರಿ ಅಜ್ಜಿ ಎದ್ದರೆ ನಾಲ್ಕು ಹೆಜ್ಜೆಗೆ ಬಚ್ಚಲು. "16 ಅಡಿ ಸುಮ್ನೆ ವೇಸ್ಟು" ಅಂತ ಮೇಸ್ತ್ರಿ ಹೇಳಬಹುದು. ಮನೆಯಲ್ಲಿ ಇಷ್ಟು ಕೆಲಸ ಮಾಡುವ ಇನ್ನೊಂದು 16 ಅಡಿ ನನಗೆ ಗೊತ್ತಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಮುಂಬಾಗಿಲಿಂದ ಹಿತ್ತಲಿನ ತನಕ 3 ಅಡಿಯ ಉದ್ದ ಓಣಿ ಮಾಡಿ ಎರಡೂ ಕಡೆ ರೂಮು ಕೂರಿಸುವುದು. 29 ಅಡಿ ಉದ್ದದ ಓಣಿಗೆ 87 ಚದರ ಅಡಿ ಹೋಯಿತು, ಬೆಳಕೂ ಇಲ್ಲ. ಚಿಕ್ಕ ಸೈಟಿಗೆ ಅದು ಬೇಡ.

ಪಕ್ಕದವರು ಮನೆ ಕಟ್ಟಿದ ಮೇಲೆ

ಪ್ಲಾನ್ ಮಾಡುವಾಗ ಪಕ್ಕದ ಸೈಟು ಖಾಲಿ ಇರುತ್ತದೆ. ಗಾಳಿ ಬೆಳಕು ಧಾರಾಳ. ಐದು ವರ್ಷಕ್ಕೆ ಅಲ್ಲಿ ಮೂರು ಅಂತಸ್ತು ಏಳುತ್ತದೆ. ನಿಮ್ಮ ಪಕ್ಕದ ಕಿಟಕಿಗಳೆಲ್ಲ ಅವರ ಗೋಡೆಯನ್ನು ನೋಡುತ್ತಾ ಕೂರುತ್ತವೆ. ಆದ್ದರಿಂದ ಎರಡೂ ಪಕ್ಕ ದೊಡ್ಡ ಮನೆ ಈಗಾಗಲೇ ಇದೆ ಅಂತಲೇ ತಿಳಿದು ಪ್ಲಾನ್ ಮಾಡಬೇಕು. ಹಾಗಾದಾಗ ನಂಬಬಹುದಾದ ಬೆಳಕು ಮೂರೇ ಕಡೆಯಿಂದ: ಮುಂದಿನ ರಸ್ತೆ, ಹಿಂದಿನ ಖಾಲಿ ಜಾಗ, ತಲೆಯ ಮೇಲಿನ ಆಕಾಶ.

ಕಿಟಕಿಯಿಂದ ಬಂದ ಬೆಳಕು ಒಳಗೆ ತುಂಬಾ ದೂರ ಹೋಗುವುದಿಲ್ಲ. ಕಿಟಕಿಯ ಮೇಲಂಚು 7 ಅಡಿ ಎತ್ತರದಲ್ಲಿದ್ದರೆ ಓದಲು ಸಾಕಾಗುವ ಬೆಳಕು ಹೆಚ್ಚೆಂದರೆ 14–15 ಅಡಿ. ನಮ್ಮ ಮನೆ 31 ಅಡಿ ಉದ್ದ. ಮುಂದಿನ ರೂಮು, ಹಿಂದಿನ ರೂಮು ಬೆಳಕನ್ನು ಹಿಡಿದುಕೊಂಡರೆ ನಡುವಿನ ಭಾಗ ಕತ್ತಲೆ. ಹೆಚ್ಚಿನ ಮನೆಗಳಲ್ಲಿ ಊಟದ ಜಾಗ ಬರುವುದು ಅಲ್ಲೇ.

ಹಳೇ ಮೈಸೂರು ಕಡೆಯ, ಮಲೆನಾಡಿನ ತೊಟ್ಟಿಮನೆಗಳು ಈ ಕಷ್ಟವನ್ನು ಎಂದೋ ಬಗೆಹರಿಸಿದ್ದವು. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಪಡಸಾಲೆ, ಪಡಸಾಲೆಗೆ ಅಂಟಿಕೊಂಡ ಕೋಣೆಗಳು. ಬೆಳಕೂ ಅಲ್ಲಿಂದಲೇ, ಓಡಾಟವೂ ಅದರ ಸುತ್ತಲೇ. 30–40ರಲ್ಲಿ ಪೂರ್ತಿ ತೊಟ್ಟಿ ಮಾಡುವಷ್ಟು ಜಾಗವಿಲ್ಲ. ಆದರೆ ಒಂದೇ ಅಂತಸ್ತಿನ ಮನೆಗೆ ಒಂದು ದೊಡ್ಡ ಅನುಕೂಲ ಇದೆ. ಯಾವ ರೂಮಿನ ಮೇಲೂ ಇನ್ನೊಂದು ರೂಮಿಲ್ಲ. ಊಟದ ಜಾಗದ ಮೇಲೆ 3–3 ಅಡಿಯ ಬೆಳಕಿಂಡಿ ಬಿಟ್ಟರೂ ನಡುಮನೆ ಬೇರೆಯೇ ಆಗುತ್ತದೆ.

ಆದರೆ ಗಾಜನ್ನು ಸೂರಿನ ಮೇಲೆ ಚಪ್ಪಟೆಯಾಗಿ ಹಾಸಬೇಡಿ. ನಮ್ಮ ಕಡೆ ಏಪ್ರಿಲ್, ಮೇ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ಬಿಸಿಲು ನೇರವಾಗಿ ಊಟದ ತಟ್ಟೆಗೆ ಬೀಳುತ್ತದೆ. ಬದಲಿಗೆ ಸುತ್ತ ಒಂದೂವರೆ ಅಡಿ ಕಟ್ಟೆ ಎತ್ತಿ, ಮೇಲೆ ಸ್ಲ್ಯಾಬ್ ಮುಚ್ಚಿ, ಪಕ್ಕಗಳಲ್ಲಿ ಗಾಜು, ಗಾಳಿಯಾಡುವ ಪಟ್ಟಿ ಕೊಡಿಸಿ. ಬೆಳಕು ಬರುತ್ತದೆ, ಬಿಸಿಗಾಳಿ ಮೇಲಿಂದ ಹೊರಗೆ ಹೋಗುತ್ತದೆ, ಮಳೆ ಒಳಗೆ ಬರುವುದಿಲ್ಲ. ಸೊಳ್ಳೆಪರದೆ ಮರೆಯಬೇಡಿ.

ಕಿಟಕಿ ಎಷ್ಟು ದೊಡ್ಡದಿರಬೇಕು ಅನ್ನುವುದಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಒಂದು ಅಳತೆ ಇದೆ. ಒಣ ಸೆಖೆಯ ಕಡೆ ರೂಮಿನ ನೆಲದ ಹತ್ತನೇ ಒಂದು ಭಾಗ, ತೇವದ ಸೆಖೆಯ ಕಡೆ ಆರನೇ ಒಂದು ಭಾಗ. 110 ಅಡಿಯ ರೂಮಿಗೆ ಕಲಬುರಗಿಯಲ್ಲಿ 11 ಚದರ ಅಡಿ ಕಿಟಕಿ ಸಾಕು, ಮಂಗಳೂರಿನಲ್ಲಿ 18 ಬೇಕು. ಸುಡುವ ಗಾಳಿ ಒಳಗೆ ಬರಬಾರದು ಅನ್ನುವ ಕಡೆ ಕಿಟಕಿ ಚಿಕ್ಕದು, ಬೆವರು ಆರಬೇಕಾದ ಕಡೆ ದೊಡ್ಡದು. ಒಂದೇ ಕಿಟಕಿ ಎಷ್ಟೇ ದೊಡ್ಡದಿದ್ದರೂ ಗಾಳಿ ಆಡುವುದಿಲ್ಲ. ಬಂದ ಗಾಳಿಗೆ ಹೊರಗೆ ಹೋಗುವ ದಾರಿ ಬೇಕು. ಎರಡು ಗೋಡೆಗೆ ಎರಡು ಕಿಟಕಿ, ಅದಾಗದಿದ್ದರೆ ಬಾಗಿಲಿನ ಮೇಲೊಂದು ವೆಂಟಿಲೇಟರ್ ಇರಲಿ.

ಪಶ್ಚಿಮದ ಗೋಡೆ, ವಾಸ್ತು, ಹವೆ

ದಕ್ಷಿಣದ ಬಿಸಿಲನ್ನು 2 ಅಡಿ ಸಜ್ಜಾ ತಡೆಯುತ್ತದೆ. ಪಶ್ಚಿಮದ ಬಿಸಿಲು ಸಜ್ಜಾಕ್ಕೆ ಬಗ್ಗುವುದಿಲ್ಲ. ಇಳಿಹೊತ್ತಿನ ಸೂರ್ಯ ತಗ್ಗಿನಲ್ಲಿರುವುದರಿಂದ ಗೋಡೆಗೆ ನೇರ ಹೊಡೆಯುತ್ತಾನೆ. ಸಂಜೆವರೆಗೆ ಕಾದ ಸಿಮೆಂಟ್ ಬ್ಲಾಕಿನ ಗೋಡೆ ಆ ಬಿಸಿಯನ್ನು ರಾತ್ರಿ ಒಳಗೆ ಬಿಡುತ್ತದೆ, ಸರಿಯಾಗಿ ನಾವು ಮಲಗುವ ಹೊತ್ತಿಗೆ. ನಮ್ಮ ಸೈಟಿನಲ್ಲಿ ರಸ್ತೆ ಪೂರ್ವಕ್ಕಿರುವುದರಿಂದ ಬೆಡ್‌ರೂಮುಗಳು ಹಿಂದಕ್ಕೆ, ಅಂದರೆ ಪಶ್ಚಿಮಕ್ಕೇ ಬರುತ್ತವೆ. ಯಜಮಾನರ ರೂಮು ನೈರುತ್ಯಕ್ಕೆ ಬೇಕು ಅನ್ನುವ ವಾಸ್ತುವೂ ಅದನ್ನೇ ಹೇಳುತ್ತದೆ.

ಹಾಗಂತ ರೂಮಿನ ಜಾಗ ಬದಲಿಸಬೇಕಾಗಿಲ್ಲ. ಬಿಸಿಲಿಗೂ ಮಲಗುವ ಜಾಗಕ್ಕೂ ನಡುವೆ ಏನಾದರೂ ತಂದರೆ ಸಾಕು. ಬಾತ್‌ರೂಮು, ಸ್ಟೋರ್ ಇವನ್ನು ಪಶ್ಚಿಮದ ಅಂಚಿಗೆ ಹಾಕಿ. ಬಚ್ಚಲಿಗೂ ಒಳ್ಳೆಯದು, ಸಂಜೆ ಬಿಸಿಲಿಗೆ ಬೇಗ ಒಣಗುತ್ತದೆ. ಅದಾಗದಿದ್ದರೆ ಪಶ್ಚಿಮದ ಗೋಡೆಗೆ ಉದ್ದಕ್ಕೆ ವಾರ್ಡ್‌ರೋಬ್ ಮಾಡಿಸಿ, ಕಿಟಕಿಯನ್ನು ದಕ್ಷಿಣಕ್ಕೋ ಉತ್ತರಕ್ಕೋ ಇಡಿ. ಈ ಎರಡನೇ ಉಪಾಯ ಬಯಲುಸೀಮೆಗೆ ಸರಿ. ಮಲೆನಾಡು, ಕರಾವಳಿಯಲ್ಲಿ ಬೇಡ. ಅಲ್ಲಿ ಮುಂಗಾರಿನ ಗಾಳಿ ಮಳೆ ನೈರುತ್ಯ, ಪಶ್ಚಿಮದಿಂದಲೇ ಬಂದು ಗೋಡೆಗೆ ಅಪ್ಪಳಿಸುತ್ತದೆ. ಗೋಡೆ ತೇವ ಹಿಡಿದರೆ ಒಳಗಿನ ಸೀರೆ, ಪಂಚೆಗಳಿಗೆ ಬೂಷ್ಟು ಬರುತ್ತದೆ. ಅಂಥ ಕಡೆ ಪಶ್ಚಿಮಕ್ಕೆ ಇಳಿಜಾರು ಸೂರನ್ನು ಮುಂದೆ ಚಾಚಿಸಿ ಒಂದು ಜಗಲಿ ಬಿಟ್ಟರೆ ಬಟ್ಟೆ ಒಣಗಿಸಲೂ ಜಾಗವಾಯಿತು.

ವಾಸ್ತು ಬಗ್ಗೆ ಒಂದು ಮಾತು. ನೀವು ನಂಬುವವರಾದರೆ ಅದನ್ನು ಮೊದಲ ದಿನವೇ ಹೇಳಿ. ಮನೆಮಂದಿಗೆ ಯಾವ ನಾಲ್ಕೈದು ವಿಷಯ ಬಿಡಲಾಗದ್ದು ಅಂತ ಬರೆದುಕೊಡಿ: ಅಡುಗೆಮನೆ ಆಗ್ನೇಯಕ್ಕೆ, ದೇವರಮನೆ ಈಶಾನ್ಯಕ್ಕೆ, ಹೀಗೆ. ಪ್ಲಾನ್ ಮುಗಿದ ಮೇಲೆ ಒಬ್ಬೊಬ್ಬರ ಸಲಹೆ ಕೇಳಿ ಒಂದೊಂದು ಬಾಗಿಲು ಸರಿಸುತ್ತಾ ಹೋದರೆ ಮನೆ ಹಾಳಾಗುತ್ತದೆ. ಆಗ್ನೇಯದ ಅಡುಗೆಮನೆಗೆ ಬೆಳಗಿನ ಎಳೆ ಬಿಸಿಲು ಸಿಗುತ್ತದೆ, ಮಧ್ಯಾಹ್ನದ ಧಗೆ ತಾಕುವುದಿಲ್ಲ. ಪೂರ್ವಕ್ಕೆ ಮುಖವಿರುವ ನಮ್ಮ ಸೈಟಿನಲ್ಲಿ ಅದು ರಸ್ತೆ ಕಡೆಗೆ ಬರುತ್ತದೆ. ಗೇಟಿಗೆ ಬಂದವರನ್ನು ಅಡುಗೆ ಮಾಡುತ್ತಲೇ ನೋಡಬಹುದು, ಅದು ಒಳ್ಳೆಯದೇ. ಆದರೆ ಪಾತ್ರೆ ತೊಳೆಯುವ ಯುಟಿಲಿಟಿ ಹಿಂದೆ ಉಳಿದುಬಿಟ್ಟರೆ ದಿನಕ್ಕೆ ಹತ್ತು ಸಲ ಮನೆಯ ಉದ್ದ ಅಳೆಯಬೇಕು. ಅಡುಗೆಮನೆ ಎಲ್ಲೋ ಯುಟಿಲಿಟಿ ಅದರ ಪಕ್ಕದಲ್ಲೇ ಇರಬೇಕು. ದಕ್ಷಿಣದ ಪಕ್ಕಕ್ಕೆ ಬಾಗಿಲು ಕೊಟ್ಟು ಅಲ್ಲಿ 4 ಅಡಿ ಉದ್ದದ ತೊಳೆಯುವ ಜಾಗ ಮಾಡಿದರೂ ಆಯಿತು. ಗ್ಯಾಸ್ ಸಿಲಿಂಡರ್ ಕೂಡ ಹೊರಗಿನಿಂದಲೇ ಬರುತ್ತದೆ, ಹಾಲ್ ದಾಟಿಸಬೇಕಾಗಿಲ್ಲ.

ಅಡುಗೆಮನೆಯಲ್ಲಿ ಇನ್ನೂ ಸ್ವಲ್ಪ ಹೊತ್ತು

ಮನೆಯಲ್ಲಿ ಅತಿ ಜಾಸ್ತಿ ಹೊತ್ತು ನಿಂತು ಕೆಲಸ ಮಾಡುವ ಜಾಗವನ್ನು ಅಲ್ಲಿ ಕೆಲಸ ಮಾಡುವವರನ್ನು ಕೇಳದೆ ತೀರ್ಮಾನಿಸುವುದು ನನಗೆ ಬಹಳ ಬೇಸರ ತರುತ್ತದೆ. ಕಟ್ಟೆಯ ಎತ್ತರ 32 ಇಂಚು ಇರಲಿ, 34 ಇರಲಿ, ಅಡುಗೆ ಮಾಡುವವರು ಚಪಾತಿ ಮಣೆ ಇಟ್ಟು ನಿಂತು ನೋಡಿ ಹೇಳಬೇಕು. ಬೆನ್ನು ಬಗ್ಗಿದರೆ ಎತ್ತರ ಸಾಲದು, ಭುಜ ಎದ್ದರೆ ಜಾಸ್ತಿಯಾಯಿತು.

ಕೆಲಸದ ಸಾಲು ಹೀಗಿರಲಿ: ಫ್ರಿಡ್ಜ್ ಮತ್ತು ದಿನಸಿ, ಆಮೇಲೆ ತೊಳೆಯುವ ಸಿಂಕು, ಹೆಚ್ಚುವ ಜಾಗ, ಕೊನೆಗೆ ಒಲೆ. ಸಿಂಕಿಗೂ ಒಲೆಗೂ ನಡುವೆ ಕಡಿಮೆಯೆಂದರೂ 3 ಅಡಿ ಖಾಲಿ ಕಟ್ಟೆ ಬೇಕು, ಕೆಲಸವೆಲ್ಲ ನಡೆಯುವುದು ಅಲ್ಲೇ. ಕಿಟಕಿ ಸಿಂಕಿನ ಮೇಲಿರಲಿ. ಒಲೆಯ ಎದುರಿಗಿದ್ದರೆ ಗಾಳಿಗೆ ಉರಿ ಅಲ್ಲಾಡುತ್ತದೆ. ಒಲೆಯ ಮೇಲೆ ಎಕ್ಸಾಸ್ಟ್ ಸಾಕು. ಎರಡು ಕಡೆ ಕಟ್ಟೆ ಹಾಕುವುದಾದರೆ ನಡುವೆ ಮೂರೂವರೆ ಅಡಿಗಿಂತ ಕಡಿಮೆ ಬೇಡ. ಹಬ್ಬದ ದಿನ ಒಬ್ಬರು ಹೋಳಿಗೆ ತಟ್ಟುವಾಗ ಇನ್ನೊಬ್ಬರು ಬೇಯಿಸಬೇಕಲ್ವಾ? ಉತ್ತರ ಕರ್ನಾಟಕದ ಮನೆಯಾದರೆ ದಿನವೂ ಜೋಳದ ರೊಟ್ಟಿ ಬಡಿಯುವ ಜಾಗ ಮೊದಲು ಗುರುತಾಗಬೇಕು. ಕೂತು ಬಡಿಯುವವರಿಗೆ ನೆಲದ ಮೇಲೆ 3–4 ಅಡಿ ಖಾಲಿ, ಹತ್ತಿರದಲ್ಲೇ ತಗ್ಗಿನ ಒಲೆ.

ಓಪನ್ ಕಿಚನ್ ಬೇಕೋ ಬೇಡವೋ? ಒಗ್ಗರಣೆಯ ಘಾಟು, ಮಿಕ್ಸಿ ಸದ್ದು ಹಾಲ್‌ಗೆ ಬಂದೇ ಬರುತ್ತದೆ. ಮಕ್ಕಳ ಓದು, ಅಜ್ಜಿಯ ಕೆಮ್ಮು ಇರುವ ಮನೆಗೆ ನಾನು ಪೂರ್ತಿ ತೆರೆದದ್ದನ್ನು ಹೇಳುವುದಿಲ್ಲ. ಊಟದ ಜಾಗದ ಕಡೆಗೆ 4 ಅಡಿಯ ಒಂದು ಕಿಂಡಿ, ಅದಕ್ಕೆ ಸರಿಸುವ ಗಾಜು ಇದ್ದರೆ ಮಾತೂ ನಡೆಯುತ್ತದೆ, ತಟ್ಟೆಯೂ ದಾಟುತ್ತದೆ.

ನೀರು ಹರಿಯುವ ದಾರಿ

ಬಾತ್‌ರೂಮುಗಳನ್ನು ಒಂದಕ್ಕೊಂದು ಅಂಟಿಸಿ. ಒಂದರ ಬಾಗಿಲು ಬೆಡ್‌ರೂಮಿಗೆ, ಇನ್ನೊಂದರದ್ದು ಒಳನಡೆಗೆ. ಒಂದೇ ಗೋಡೆಯಲ್ಲಿ ಎರಡಕ್ಕೂ ಪೈಪು ಹೋಗುತ್ತದೆ. ಕೊಳೆನೀರಿನ 4 ಇಂಚಿನ ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು ಬೇಕು. ಬಚ್ಚಲು ಹಿಂದಿದ್ದು ಒಳಚರಂಡಿ ಮುಂದಿನ ರಸ್ತೆಯಲ್ಲಿದ್ದರೆ ಆ ಒಂದಡಿ ಇಳಿತ ಸಿಗುತ್ತದಾ ಅಂತ ಪಾಯ ಹಾಕುವ ಮೊದಲೇ ಅಳೆಯಬೇಕು. ಮನೆಯ ನೆಲ ಸುತ್ತಲಿನ ಮಟ್ಟಕ್ಕಿಂತ ಒಂದೂವರೆ ಅಡಿಯಾದರೂ ಮೇಲಿರಲಿ. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಏರುತ್ತಲೇ ಇರುವ ಕಡೆ ಇನ್ನೂ ಅರ್ಧ ಅಡಿ ಎತ್ತಿಸಿ.

ನೆಲ ಎತ್ತಿದಷ್ಟೂ ಮುಂದೆ ಮೆಟ್ಟಿಲು ಜಾಸ್ತಿ. ಅಜ್ಜಿಗಾಗಿಯೇ ಒಂದೇ ಅಂತಸ್ತು ಅಂತ ತೀರ್ಮಾನಿಸಿ, ಮುಂಬಾಗಿಲಲ್ಲಿ ಹಿಡಿಯಲು ಏನೂ ಇಲ್ಲದ ನಾಲ್ಕು ಮೆಟ್ಟಿಲು ಇಟ್ಟರೆ ಹೇಗೆ? ಕಂಬಿ ಹಾಕಿಸಿ. ಅವರ ರೂಮಿನ ಬಾಗಿಲು, ಬಾತ್‌ರೂಮಿನ ಬಾಗಿಲು ಎರಡೂ 3 ಅಡಿ ಅಗಲವಿರಲಿ. ಬಾತ್‌ರೂಮಿಗೆ ಸಾಮಾನ್ಯವಾಗಿ ಎರಡೂವರೆ ಅಡಿ ಇಡುತ್ತಾರೆ, ಮುಂದೆ ವೀಲ್‌ಚೇರ್ ಬೇಕಾದರೆ ಅದು ದಾಟುವುದಿಲ್ಲ. ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗುವುದಿಲ್ಲ.

ಕಾಟ್, ಬೀರು, ಮೆಟ್ಟಿಲು

ಬೆಡ್‌ರೂಮಿನ ಅಳತೆ ಕಾಟ್‌ನಿಂದ ಶುರುವಾಗಬೇಕು. 10–10ರ ರೂಮಿನಲ್ಲಿ ಆರೂವರೆ ಅಡಿ ಉದ್ದದ ಕಾಟ್ ಹಾಕಿ, ಕಾಲಿನ ಕಡೆಯ ಗೋಡೆಗೆ 2 ಅಡಿಯ ವಾರ್ಡ್‌ರೋಬ್ ಮಾಡಿಸಿದರೆ ನಡುವೆ ಉಳಿಯುವುದು ಒಂದೂವರೆ ಅಡಿ. ಬಾಗಿಲು ತೆರೆದು ನಿಲ್ಲಲೂ ಆಗುವುದಿಲ್ಲ. ಅದೇ ವಾರ್ಡ್‌ರೋಬನ್ನು ಪಕ್ಕದ ಗೋಡೆಗೆ ತಂದು 5 ಅಡಿ ಅಗಲದ ಕಾಟನ್ನು ಎದುರಿನ ಗೋಡೆಗೆ ಒತ್ತಿದರೆ 3 ಅಡಿ ಸಿಗುತ್ತದೆ. ರೂಮು ಅದೇ, ಅಳತೆ ಅದೇ. ಬಾಗಿಲನ್ನು ಗೋಡೆಯ ನಡುವೆ ಇಡದೆ ಮೂಲೆಗೆ ತಂದರೆ ಇಂಥ ಜೋಡಣೆ ಸಲೀಸು.

ತಾರಸಿ ಮೆಟ್ಟಿಲನ್ನು ಕೊನೆಗೆ ಎಲ್ಲೋ ತುರುಕುವುದು ನಮ್ಮಲ್ಲಿ ರೂಢಿ. ಮೇಲೆ ಮುಂದೆ ಕಟ್ಟುವ ಯೋಚನೆ ಇದ್ದರೆ ಅದು ಹೊರಗಿನಿಂದ, ಗೇಟಿನ ಹತ್ತಿರ ಇರಲಿ. ಬಾಡಿಗೆಗೆ ಕೊಟ್ಟರೂ ನಿಮ್ಮ ಹಾಲ್ ದಾಟಿ ಯಾರೂ ಹೋಗಬೇಕಾಗಿಲ್ಲ. ಮಡಚಿ ಹತ್ತುವ ಮೆಟ್ಟಿಲಿಗೆ ಆರೂವರೆ ಅಡಿ ಅಗಲ, ಹತ್ತೂವರೆ ಅಡಿ ಉದ್ದ ಬೇಕು. ನೇರಕ್ಕೆ ಹತ್ತುವುದಾದರೆ 3 ಅಡಿ ಅಗಲ, ಸುಮಾರು 16 ಅಡಿ ಉದ್ದ. ಇದರ ಕೆಳಗೆ ಸ್ಕೂಟರ್ ನಿಲ್ಲುತ್ತದೆ. ಮೇಲೆ ಕಟ್ಟುವುದು ಖಚಿತವಾದರೆ ಬೆಳಕಿಂಡಿಯ ಜಾಗವನ್ನು ಮೇಲೂ ತೆರೆದೇ ಬಿಡುತ್ತೇವೆ ಅಂತ ಈಗಲೇ ಬರೆಸಿ. ಅಡಿಪಾಯವೂ ಆ ಭಾರಕ್ಕೆ ತಕ್ಕ ಹಾಗೆ ಬೇಕಾಗುತ್ತದೆ, ಅದನ್ನು ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಹಾಕಿ ಕೊಡಬೇಕು.

ಪ್ಲಾನ್ ಕೈಗೆ ಬಂದ ಮೇಲೆ ಸೈಟಿನಲ್ಲಿ ಸುಣ್ಣದ ಪುಡಿಯಿಂದ ಗೋಡೆಗಳನ್ನು ನಿಜವಾದ ಅಳತೆಯಲ್ಲೇ ಎಳೆಸಿ. ಬಾಗಿಲು ಇರುವ ಕಡೆ ಗೆರೆ ಬಿಡಿ. ಖಾಲಿ ಬಯಲಿನಲ್ಲಿ ರೂಮುಗಳು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತವೆ, ಅದಕ್ಕೆ ಹೆದರಬೇಡಿ. ಗೆರೆಯ ಒಳಗೆ ಕುರ್ಚಿಗಳನ್ನು ಇಟ್ಟು, ಕಾಟ್‌ನ ಅಳತೆಗೆ ಒಂದು ಚಾಪೆ ಹಾಸಿ, ಬೆಳಗಿನ ಓಡಾಟವನ್ನು ಎಲ್ಲರೂ ಒಂದು ಸಲ ನಡೆದು ನೋಡಿ. ಅಜ್ಜಿ ಹಾಸಿಗೆಯಿಂದ ಬಚ್ಚಲಿಗೆ, ಅಮ್ಮ ಒಲೆಯಿಂದ ಸಿಂಕಿಗೆ, ಮಕ್ಕಳು ಬ್ಯಾಗ್ ಹಿಡಿದು ಗೇಟಿಗೆ. ಯಾರು ಯಾರಿಗೆ ಡಿಕ್ಕಿ ಹೊಡೆಯುತ್ತಾರೆ ಅಂತ ಅಲ್ಲೇ ಕಾಣುತ್ತದೆ. ಆ ಬಾಗಿಲನ್ನು ಸರಿಸಿ, ಹೊಸ ಅಳತೆಯನ್ನು ಪ್ಲಾನ್ ಮೇಲೆ ಬರೆಸಿ, ಆಮೇಲೆ ಪಾಯ ತೆಗೆಯಲು ಹೇಳಿ.